ಎಂಜಿನ್ ಬಿಚ್ಚುವ ಮೊದಲೇ ಮಾಡಬೇಕಾದ ಕೆಲಸ

ಕಳೆದ ಸೆಪ್ಟೆಂಬರ್‌ನಲ್ಲಿ ತುಮಕೂರು ರಸ್ತೆಯಲ್ಲಿ, ದಾಸರಹಳ್ಳಿ ದಾಟಿದ ಮೇಲೆ, ನಮ್ಮ ಕಾರಿನ ಎಂಜಿನ್ ಕಟಕಟ ಸದ್ದು ಮಾಡಿತು. ಕೆಂಪು ಆಯಿಲ್ ದೀಪ ಹತ್ತಿತು, ಗಾಡಿ ನಿಂತೇಹೋಯಿತು. ಓಡಿದ್ದು 41,000 ಕಿ.ಮೀ. ವಾರಂಟಿ ಮುಗಿದು ಐದು ತಿಂಗಳಾಗಿತ್ತು. ಎಸ್ಟಿಮೇಟ್ 2,86,000 ರೂಪಾಯಿ. ಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಅದು ಸಣ್ಣ ಮೊತ್ತವಲ್ಲ.

ನಿಮಗೆ ಹೀಗಾದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಡಿ. ಹಾಳಾಗಿದ್ದು ಇನ್ನೂ ಹಾಳಾಗುತ್ತದೆ, ತಪ್ಪು ನಿಮ್ಮ ತಲೆಗೇ ಬರುತ್ತದೆ. ಉರಿಯುತ್ತಿರುವ ದೀಪ, ಓಡೋಮೀಟರ್, ಡಿಪ್‌ಸ್ಟಿಕ್‌ನಲ್ಲಿ ಕಾಣುವ ಆಯಿಲ್ ಮಟ್ಟ, ಎಲ್ಲದರ ಫೋಟೋ ಅಲ್ಲೇ ತೆಗೆಯಿರಿ. ಟೋಯಿಂಗ್ ಗಾಡಿ ಬರುವುದರೊಳಗೆ ನನ್ನ ತಮ್ಮ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದು, ಒಳಗಿನದನ್ನೂ ವಿಡಿಯೋ ಮಾಡಿದ. ಫಿಲ್ಟರ್ ಒಣಗಿತ್ತು. ಆ ವಿಡಿಯೋ ಯಾಕೆ ಬೇಕು ಅಂತ ಆಗ ನನಗೆ ತಿಳಿದಿರಲಿಲ್ಲ.

ಎರಡು ದಿನದ ನಂತರ ಸರ್ವಿಸ್ ಅಡ್ವೈಸರ್ ಫೋನ್ ಮಾಡಿದರು. "ಮೇಡಂ, ಅಂಡರ್‌ಪಾಸ್ ನೀರಲ್ಲಿ ಓಡಿಸಿದ್ದೀರಿ, ಎಂಜಿನ್‌ಗೆ ನೀರು ಹೋಗಿದೆ." ಬೆಂಗಳೂರಿನ ಮಳೆಗಾಲದಲ್ಲಿ ಈ ಮಾತನ್ನು ಯಾರಾದರೂ ನಂಬುತ್ತಾರೆ, ಅಲ್ವಾ? ನೀರು ಏರ್ ಫಿಲ್ಟರ್ ಮೂಲಕವೇ ಒಳಗೆ ಹೋಗುವುದು. ಹಾಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಸಿಗದೆ ಎಂಜಿನ್ ಸೀಜ್ ಆದರೆ, ಅಂದರೆ ಒಳಗೇ ಬಿಗಿದು ನಿಂತರೆ, ಬೇರಿಂಗ್ ಸವೆದು, ಬಿಸಿಗೆ ಬಣ್ಣ ತಿರುಗಿರುತ್ತದೆ. ವಿಡಿಯೋ ಕಳಿಸಿದ ಮೇಲೆ ನೀರಿನ ಮಾತು ನಿಂತಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಎಂಜಿನ್ ಬಿಚ್ಚಲು ಸುಮ್ನೆ ಸಹಿ ಹಾಕಬೇಡಿ. ಒಮ್ಮೆ ಬಿಚ್ಚಿ ತೊಳೆದರೆ ಸಾಕ್ಷಿಯೂ ತೊಳೆದುಹೋಗುತ್ತದೆ. ಜಾಬ್ ಕಾರ್ಡ್ (ಮಾಡಬೇಕಾದ ಕೆಲಸ ಬರೆದು ನಿಮ್ಮ ಸಹಿ ಪಡೆಯುವ ವರ್ಕ್‌ಶಾಪ್ ಚೀಟಿ) ಮೇಲೆ ನಿಮ್ಮ ಕೈಯಿಂದಲೇ ಬರೆಯಿರಿ: "ನನ್ನ ಎದುರಿನಲ್ಲೇ ಬಿಚ್ಚಬೇಕು, ಹಳೆಯ ಭಾಗಗಳನ್ನು ನನಗೆ ಕೊಡಬೇಕು." ಅದರ ಫೋಟೋ ಇಟ್ಟುಕೊಳ್ಳಿ. ನಾನು ಅರ್ಧ ದಿನ ರಜೆ ಹಾಕಿ ನಿಂತಿದ್ದೆ. ಹಳೆ ಆಯಿಲ್ ಅನ್ನು ಎರಡು ಬಾಟಲಿಗೆ ತುಂಬಿಸಿ, ಅವರ ಸಹಿ ಇರುವ ಚೀಟಿ ಅಂಟಿಸಿಕೊಂಡೆ. ಆಯಿಲ್‌ನಲ್ಲಿ ಲೋಹದ ಚೂರು ಹೊಳೆಯುತ್ತಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಕಾರಿನ ಮಾಮೂಲಿ ಇನ್ಶೂರೆನ್ಸ್ ಇಂಥ ಯಾಂತ್ರಿಕ ಕೆಡುಕಿಗೆ ಹಣ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ವಿಮೆ ಸೇರಿಸಿದ್ದರೆ ಅದರ ಷರತ್ತು ಓದಿ.

ಆಮೇಲೆ ಕಂಪನಿಗೂ ಡೀಲರ್‌ಗೂ ಒಟ್ಟಿಗೆ ಇಮೇಲ್ ಮಾಡಿ. ಎಲ್ಲ ಸರ್ವಿಸ್ ಬಿಲ್ ಲಗತ್ತಿಸಿ, ಕೆಟ್ಟ ಕಾರಣವನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಇದೇ ಮಾದರಿಗೆ ರೀಕಾಲ್ ಆಗಿದೆಯಾ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆದಿದೆಯಾ ಅಂತ ವಾಹನ ತಯಾರಕರ ಸಂಘ ಸಿಯಾಮ್‌ನ ಜಾಲತಾಣದಲ್ಲೂ ನೋಡಿ. ನನಗೆ ಕಂಪನಿ ಬಿಡಿಭಾಗದ ಖರ್ಚು ಕೊಡಲು ಒಪ್ಪಿತು, ಆದರೆ "ಇನ್ನು ಯಾವ ಹಕ್ಕೂ ಇಲ್ಲ" ಎಂಬ ಕಾಗದಕ್ಕೆ ಸಹಿ ಕೇಳಿತು. ಹೊಸ ಎಂಜಿನ್‌ಗೆ ವಾರಂಟಿ ಬರಹದಲ್ಲಿ ಸಿಕ್ಕ ಮೇಲೆಯೇ ಸಹಿ ಹಾಕಿದೆ. ಗಾಡಿ ಬಿಡಿಸಿಕೊಳ್ಳಲು ಹಣ ಕಟ್ಟಲೇಬೇಕಾಗಿ ಬಂದರೆ, ಬಿಲ್ ಮೇಲೆ "ಆಕ್ಷೇಪಣೆಯೊಂದಿಗೆ ಕಟ್ಟಿದ್ದೇನೆ" ಅಂತ ಬರೆಯಿರಿ.

ಕಂಪನಿ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಕಡೆಯೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಕಾರಿಗೆ ಕೊಟ್ಟ ಬೆಲೆ 5ರಿಂದ 10 ಲಕ್ಷವಾದರೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400. ದೋಷ ಇದೆ ಅಂತ ತೋರಿಸಬೇಕಾದವರು ನಾವೇ. ಆಯೋಗ ಬಿಡಿಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದಕ್ಕೇ ಹಳೆಯದನ್ನು ಬಿಟ್ಟುಬರಬಾರದು ಅಂದಿದ್ದು. ದೂರು ಕೊಡಲು ಎರಡು ವರ್ಷ ಮಾತ್ರ ಸಮಯ. "ಪರಿಶೀಲಿಸುತ್ತಿದ್ದೇವೆ" ಎಂಬ ಇಮೇಲ್‌ಗಳಿಂದ ಆ ಗಡುವು ಮುಂದಕ್ಕೆ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಎಂಜಿನ್ ನಿಂತ ತಾರೀಖನ್ನು ಇವತ್ತೇ ಬರೆದಿಡಿ.