ಪಯೋಗ್ಲಿಟಜೋನ್ ಮಾತ್ರೆ ಶುರುಮಾಡುವವರು ಗಮನಿಸಬೇಕಾದದ್ದು

ಮೊದಲು ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಜೊತೆ ಪಯೋಗ್ಲಿಟಜೋನ್ ಬೆರೆಸಿದ ಮಾತ್ರೆಗಳು ನಮ್ಮಲ್ಲಿ ಬಳಕೆಯಲ್ಲಿರುವುದರಿಂದ, ಅದನ್ನು ನುಂಗುತ್ತಿರುವುದು ನಿಮಗೇ ತಿಳಿಯದೆ ಇರಬಹುದು.

ಈ ಔಷಧ ಕೆಲಸ ಮಾಡುವುದು ಕೋಶಕೇಂದ್ರದೊಳಗೆ. ಮನುಷ್ಯರಲ್ಲಿರುವ 48 ನ್ಯೂಕ್ಲಿಯರ್ ಗ್ರಾಹಕಗಳಲ್ಲಿ (ಜೀನ್‌ಗಳ ಕೆಲಸವನ್ನು ನಿಯಂತ್ರಿಸುವ ಪ್ರೋಟೀನ್‌ಗಳಲ್ಲಿ) ಒಂದಾದ ಪಿಪಿಎಆರ್-ಗಾಮಾ ಕೊಬ್ಬಿನ ಕೋಶಗಳಲ್ಲಿ ಹೇರಳವಾಗಿದ್ದು, ಔಷಧ ಅಂಟಿದೊಡನೆ ಆರ್‌ಎಕ್ಸ್‌ಆರ್ ಎಂಬ ಮತ್ತೊಂದು ಗ್ರಾಹಕದೊಂದಿಗೆ ಜೋಡಿಯಾಗಿ ಡಿಎನ್‌ಎ ಮೇಲೆ ಕುಳಿತು, ಕೊಬ್ಬನ್ನು ಕೂಡಿಡುವ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಯಕೃತ್ತು ಮತ್ತು ಸ್ನಾಯುಗಳನ್ನು ಸೇರಿದ್ದ ಕೊಬ್ಬು ಚರ್ಮದಡಿಗೆ ಸರಿಯುತ್ತಾ ಬಂದಂತೆ ಆ ಅಂಗಗಳು ಇನ್ಸುಲಿನ್‌ಗೆ ಮತ್ತೆ ಸ್ಪಂದಿಸತೊಡಗುತ್ತವೆ. ಇದಕ್ಕೆ ವಾರಗಟ್ಟಲೆ ಸಮಯ ಬೇಕು. ಆದ್ದರಿಂದ ಮೊದಲ ವಾರದ ಗ್ಲೂಕೋಮೀಟರ್ ಅಂಕಿಗಳನ್ನು ನೋಡಿ ಮಾತ್ರೆ ನಾಟಲಿಲ್ಲವೆಂದು ತೀರ್ಮಾನಿಸಬೇಡಿ. ಮೂರು ತಿಂಗಳ ನಂತರದ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸರಿಯಾದ ಅಳತೆ.

ಸಕ್ಕರೆಗೆ ಕಾಯಬಹುದು, ತೂಕಕ್ಕೆ ಕಾಯುವಂತಿಲ್ಲ. ಮಾತ್ರೆ ಆರಂಭಿಸುವ ಮುನ್ನ ತೂಕ ಬರೆದಿಟ್ಟುಕೊಂಡು, ಆಮೇಲೆ ಅದೇ ಯಂತ್ರದಲ್ಲಿ, ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮುಂಚೆ ನೋಡುತ್ತಿರಿ. ತಿಂಗಳುಗಳಲ್ಲಿ ನಿಧಾನವಾಗಿ ಏರುವ ತೂಕದಲ್ಲಿ ಕೊಬ್ಬಿನ ಪಾಲಿರುತ್ತದೆ. ಕೆಲವೇ ದಿನಗಳಲ್ಲಿ ದಿಢೀರನೆ ಏರಿದರೆ ಅದು ನೀರು. ಇದೇ ಗ್ರಾಹಕ ಮೂತ್ರಪಿಂಡದಲ್ಲಿಯೂ ಇದ್ದು, ಉಪ್ಪು ಮತ್ತು ನೀರನ್ನು ದೇಹದಲ್ಲಿ ಉಳಿಸುವುದು ಇದಕ್ಕೆ ಕಾರಣ. ಸಂಜೆ ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಒತ್ತಿ ತೆಗೆಯಿರಿ: ಗುಳಿ ಹಾಗೆಯೇ ಉಳಿದರೆ ವೈದ್ಯರಿಗೆ ತಿಳಿಸಿ; ಜೊತೆಗೆ ಏದುಸಿರು ಬಂದರೆ ಅದೇ ದಿನ ಹೋಗಿ. ಹೃದಯ ವೈಫಲ್ಯವಿದ್ದರೆ ಮಾತ್ರೆ ಆರಂಭಿಸುವ ಮುನ್ನವೇ ಹೇಳಿರಿ, ಏಕೆಂದರೆ ಅಂಥವರಿಗೆ ಇದು ಸಲ್ಲದು. ಇನ್ಸುಲಿನ್ ಕೂಡ ತೆಗೆದುಕೊಳ್ಳುವವರಲ್ಲಿ ಊತದ ಸಾಧ್ಯತೆ ಹೆಚ್ಚು.

ಮೂತ್ರಕೋಶದ ಕ್ಯಾನ್ಸರ್ ಭಯದಿಂದ ಭಾರತ ಸರ್ಕಾರ 2013ರ ಜೂನ್‌ನಲ್ಲಿ ಇದರ ಮಾರಾಟವನ್ನು ತಡೆಹಿಡಿದು, ಜುಲೈನಲ್ಲಿ ಎಚ್ಚರಿಕೆಯ ಒಕ್ಕಣೆಯೊಂದಿಗೆ ತೆರವು ಮಾಡಿತು. ಗಾಬರಿ ಬೇಡ, ಆದರೆ ಮೂತ್ರದಲ್ಲಿ ರಕ್ತ ಕಂಡರೆ ಸೋಂಕೆಂದು ಸುಮ್ಮನಾಗಬೇಡಿ. ಮಹಿಳೆಯರಲ್ಲಿ ಮೂಳೆ ಮುರಿತದ ಅಪಾಯ ಹೆಚ್ಚುತ್ತದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ಕ್ರಮ ತಪ್ಪುವ ತೊಂದರೆ) ಇರುವವರಲ್ಲಿ ನಿಂತಿದ್ದ ಅಂಡೋತ್ಪತ್ತಿ ಮರಳಬಹುದಾದ್ದರಿಂದ, ಗರ್ಭ ಬೇಡವೆನ್ನುವವರು ಮೊದಲೇ ಎಚ್ಚರ ವಹಿಸಬೇಕು. ಟ್ರೈಗ್ಲಿಸರೈಡ್‌ಗೆಂದು (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಜೆಮ್‌ಫೈಬ್ರೊಜಿಲ್ ಸೇವಿಸುತ್ತಿದ್ದರೆ ರಕ್ತದಲ್ಲಿ ಪಯೋಗ್ಲಿಟಜೋನ್ ಪ್ರಮಾಣ ಏರುವುದರಿಂದ ಅದನ್ನೂ ತಿಳಿಸಿ.

ಮೂರು ತಿಂಗಳ ಭೇಟಿಗೆ ತೂಕದ ಚೀಟಿಯನ್ನೂ ಎಚ್‌ಬಿಎ1ಸಿ ವರದಿಯನ್ನೂ ಒಯ್ಯಿರಿ. ಆರು ತಿಂಗಳಾದರೂ ಅಂಕಿ ಇಳಿಯದಿದ್ದರೆ ಈ ಮಾತ್ರೆಯನ್ನು ಮುಂದುವರಿಸುವ ಅಗತ್ಯವಿದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ.