ಕ್ಲಿನಿಕಲ್ ಟ್ರಯಲ್‌ಗೆ ಸೇರುವ ಮೊದಲು ಕಾಗದ ಓದುವುದು ಹೇಗೆ?

"ಡಾಕ್ಟರ್ ಸಾಹೇಬರು ಹೇಳ್ಯಾರ, ಸಹಿ ಹಾಕಿಬಿಡು." ಬೆಳಗಾವಿಯ ಆಸ್ಪತ್ರೆಗಳಲ್ಲಿ ಈ ಮಾತು ಕೇಳಿದಾಗೆಲ್ಲ ಸಂಕಟವಾಗುತ್ತದೆ. ಗೋಕಾಕ, ರಾಯಬಾಗ, ಬೈಲಹೊಂಗಲದಿಂದ ಬಸ್ ಹಿಡಿದು ಬಂದವರು ಅಷ್ಟೊಂದು ಪುಟದ ಒಪ್ಪಿಗೆ ಪತ್ರ ತಿರುವಿ, ಸೀದಾ ಕೊನೇ ಹಾಳೆಗೆ ಹೆಬ್ಬೆಟ್ಟು ಒತ್ತುತ್ತಾರೆ. ಕ್ಲಿನಿಕಲ್ ಟ್ರಯಲ್ ಅಂದರೆ ಹೊಸ ಔಷಧ ಕೆಲಸ ಮಾಡುತ್ತದಾ ಅಂತ ಜನರಿಗೆ ಕೊಟ್ಟು ಪರೀಕ್ಷಿಸಿ ನೋಡುವುದು. ಅದಕ್ಕೆ ಹೆದರಬೇಕಿಲ್ಲ. ಓದದೆ ಮಾತ್ರ ಸೇರಬೇಡಿ.

ಹಂತ 1: ಇದು ಚಿಕಿತ್ಸೆಯೋ ಟ್ರಯಲ್ಲೋ ಅಂತ ನೇರವಾಗಿ ಕೇಳಿ. ಟ್ರಯಲ್‌ನಲ್ಲಿ ನೀವು ಯಾವ ಗುಂಪಿಗೆ ಅನ್ನುವುದು ಬಹಳ ಸಲ ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಒಂದು ಗುಂಪಿಗೆ ಹೊಸ ಔಷಧ. ಇನ್ನೊಂದಕ್ಕೆ ಈಗಿರುವ ಔಷಧ, ಇಲ್ಲವೇ ಔಷಧವೇ ಇಲ್ಲದ ಮಾತ್ರೆ, ಅಂದರೆ ಪ್ಲಸೀಬೊ. ಯಾರಿಗೆ ಯಾವುದು ಅಂತ ಎಷ್ಟೋ ಸಲ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಹೀಗ್ಯಾಕೆ ಅಂತೀರಾ? ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯ ಟ್ರಯಲ್ ನಡೆದಿದ್ದು ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಸೇರಿದ ಹೆಂಗಸರು 1,620. ಮಾತ್ರೆ ಕೊಟ್ಟವರು ಎಎನ್‌ಎಂ ಸಿಸ್ಟರ್‌ಗಳು, ಅಂದರೆ ಹಳ್ಳಿಯ ದಾದಿಯರು. ಪ್ಲಸೀಬೊ ಗುಂಪಿನಲ್ಲಿ ಶೇಕಡಾ 12ರಷ್ಟು ತಾಯಂದಿರಿಗೆ ರಕ್ತ ಜಾಸ್ತಿ ಹೋಯಿತು, ಮಾತ್ರೆ ತಗೊಂಡವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎರಡು ಗುಂಪು ಇಲ್ಲದಿದ್ದರೆ ಆ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಹಂತ 2: ಸಿಟಿಆರ್‌ಐ, ಅಂದರೆ ದೇಶದಲ್ಲಿ ನಡೆಯುವ ಟ್ರಯಲ್‌ಗಳ ಸರ್ಕಾರಿ ಆನ್‌ಲೈನ್ ಪಟ್ಟಿಯ ನೋಂದಣಿ ನಂಬರ್ ಕೇಳಿ, ಮೊಬೈಲ್‌ನಲ್ಲಿ ಹುಡುಕಿ, ನಿಮ್ಮ ಆಸ್ಪತ್ರೆಯ ಹೆಸರಿದೆಯಾ ನೋಡಿ. ಡಬ್ಬಿಯ ಮೇಲೆ "ಟ್ರಯಲ್ ಆಗಿದೆ" ಅಂತ ಅಚ್ಚು ಹಾಕಿ ಮಾರುವ ಸಕ್ಕರೆ ಕಾಯಿಲೆ ಪುಡಿಗಳಿಗೂ ಇದೇ ಪ್ರಶ್ನೆ ಕೇಳಿ. ನಂಬರ್ ಇಲ್ಲದಿದ್ದರೆ ಮುಟ್ಟಬೇಡಿ.

ಹಂತ 3: ಒಪ್ಪಿಗೆ ಪತ್ರ. ಎಲ್ಲರೂ ಎಡವುವುದು ಇಲ್ಲೇ. ಅವತ್ತೇ ಸಹಿ ಹಾಕಬೇಡಿ, ಮನೆಗೆ ಒಯ್ಯಿರಿ. ಕನ್ನಡದ್ದೋ ಮರಾಠಿಯದ್ದೋ, ನಿಮಗೆ ಓದಲು ಬರುವ ಭಾಷೆಯ ಪ್ರತಿಯನ್ನೇ ಕೇಳಿ. ಇಂಗ್ಲಿಷ್ ಕಾಗದ ಹಿಡಿದು "ಇದರಾಗ ಏನಿಲ್ಲ ಬಿಡ್ರಿ" ಅಂದರೆ ಒಪ್ಪಬೇಡಿ. ಫೋಟೊ ತೆಗೆದು ಊರಿನ ಹುಡುಗನಿಗೆ ವಾಟ್ಸ್ಆ್ಯಪ್ ಮಾಡಿ, ಅವನು "ಓಕೆ" ಅಂದರೆ ಮುಗೀತು ಅನ್ನುವ ಅಡ್ಡದಾರಿಯೂ ಬೇಡ. ಮನೆಯವರು ಒಟ್ಟಿಗೆ ಕೂತು, ಜೋರಾಗಿ ಓದಿ.

ಓದುವಾಗ ಪೆನ್ನು ಹಿಡಿದು ಇವುಗಳಿಗೆ ಗೆರೆ ಎಳೆಯಿರಿ: ಎಷ್ಟು ಸಲ ಬರಬೇಕು, ಎಷ್ಟು ರಕ್ತ ತೆಗೀತಾರೆ, ಅಡ್ಡಪರಿಣಾಮ ಏನು, ಟ್ರಯಲ್‌ಗೆ ಸೇರದಿದ್ದರೆ ಬೇರೆ ಯಾವ ಚಿಕಿತ್ಸೆ ಇದೆ. ತೊಂದರೆಯಾದರೆ ಏನು ಅನ್ನುವ ಭಾಗವನ್ನು ಎರಡು ಸಲ ಓದಿ. ಕೇಂದ್ರ ಸರ್ಕಾರದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದಾದ ತೊಂದರೆಗೆ ಪುಕ್ಕಟೆ ಚಿಕಿತ್ಸೆ ಕೊಡಬೇಕು, ಪರಿಹಾರವೂ ಸಿಗಬೇಕು.

ನೀವು ಸಹಿ ಹಾಕುವ ಹಾಳೆಯಲ್ಲಿ ಒಪ್ಪಿಗೆಯ ಒಂದೊಂದು ಮಾತಿನ ಪಕ್ಕದಲ್ಲೂ ಒಂದು ಚಿಕ್ಕ ಚೌಕ ಇರುತ್ತದೆ. ಆ ಮಾತು ಅರ್ಥವಾದ ಮೇಲೆ ಅಲ್ಲಿ ನೀವೇ ಚಿಕ್ಕ ಸಹಿ (ಇನಿಶಿಯಲ್) ಹಾಕಬೇಕು. ಸಿಬ್ಬಂದಿ ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಟ್ಟಿದ್ದರೆ ಹೊಸ ಪ್ರತಿ ಕೇಳಿ. ವರ್ಷದ ಆದಾಯ ಎಷ್ಟು ಅಂತಲೂ ಕೇಳಿರುತ್ತಾರೆ. ರೇಷನ್ ಕಾರ್ಡ್ ಹೋದೀತು ಅಂತ ಸುಮ್ನೆ ಖಾಲಿ ಬಿಡಬೇಡಿ. ನಾಮಿನಿ ಹೆಸರು ಬರೆಯಲೇಬೇಕು. ಜೀವಕ್ಕೇ ಕುತ್ತು ಬಂದರೆ ಪರಿಹಾರ ಹೋಗುವುದು ಅವರಿಗೆ. ಓದು ಬಾರದವರಿಗೆ ಸಾಕ್ಷಿ ಬೇಕು, ಆ ಸಾಕ್ಷಿ ಟ್ರಯಲ್ ತಂಡದವರಾಗಿರಬಾರದು.

ಪ್ರಯೋಗದ ಔಷಧಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಹಂತ 4: ಸಹಿಯಾದ ಮೇಲೆ ನಿಮ್ಮ ಪ್ರತಿ ತಗೊಳ್ಳಿ. ಅದರಲ್ಲಿ ಎಥಿಕ್ಸ್ ಕಮಿಟಿಯ, ಅಂದರೆ ಟ್ರಯಲ್‌ಗೆ ಸೇರಿದವರ ಹಕ್ಕು, ಸುರಕ್ಷತೆ ನೋಡಿಕೊಳ್ಳುವ ಸಮಿತಿಯ ಫೋನ್ ನಂಬರ್ ಇರುತ್ತದೆ. ಕನಿಷ್ಠ 7 ಜನರ ಈ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯರೂ ಇರುತ್ತಾರೆ, ಫೋನ್ ಮಾಡಲು ಅಂಜಬೇಡಿ. ಬೇರೆ ಮಾತ್ರೆ, ನಾಟಿ ಔಷಧ ಏನೇ ತಗೊಂಡರೂ ಡಾಕ್ಟರಿಗೆ ಹೇಳಿ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ. ಆದರೆ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ. ಹೋಗಿ ತಿಳಿಸಿ, ಹೇಗೆ ನಿಲ್ಲಿಸಬೇಕು ಅಂತ ಕೇಳಿಕೊಂಡೇ ಬಿಡಿ.