ಅಪ್‌ಡೇಟ್ ಹಾಕಿದ ಮೇಲೆ ಸರ್ವರ್ ಕೈಕೊಟ್ಟರೆ

2024ರ ಮಾರ್ಚ್ 12ರಂದು ಮೈಕ್ರೋಸಾಫ್ಟ್ ಹೊರಬಿಟ್ಟ ಮಾಸಿಕ ಅಪ್‌ಡೇಟ್ ನೋಡಲು ಸಾಧುವಾಗಿತ್ತು. ಹಾಕಿದ ದಿನ ಎಲ್ಲವೂ ಸರಿ. ಆಮೇಲೆ ಡೊಮೇನ್ ಕಂಟ್ರೋಲರ್‌ಗಳಲ್ಲಿ, ಅಂದರೆ ಕಚೇರಿಯ ಖಾತೆ, ಪಾಸ್‌ವರ್ಡ್‌ಗಳನ್ನು ಕಾಯುವ ವಿಂಡೋಸ್ ಸರ್ವರ್‌ಗಳಲ್ಲಿ, ಲಾಗಿನ್ ನೋಡಿಕೊಳ್ಳುವ ‘ಎಲ್‌ಸ್ಯಾಸ್’ ಎಂಬ ಪ್ರೋಗ್ರಾಂ, ಸಾಲ ಪಡೆದು ತೀರಿಸದವನಂತೆ ಮೆಮೊರಿಯನ್ನು ನುಂಗತೊಡಗಿತು. ಹೊಟ್ಟೆ ಬಿರಿದಾಗ ಅದು ಕುಸಿಯುತ್ತಿತ್ತು, ಸರ್ವರ್ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು.

ಇಂಥದ್ದು ಎದುರಾದರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಎಲ್‌ಸ್ಯಾಸ್ ಹಿಡಿದಿರುವ ಮೆಮೊರಿಯನ್ನು ಬರೆದಿಡಿ. ಒಂದೇ ಸಲ ನೋಡಿದರೆ ಏನೂ ತಿಳಿಯದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದ ಅಂಕಿ ಏರುತ್ತಲೇ ಇದ್ದು ಒಮ್ಮೆಯೂ ಇಳಿಯದಿದ್ದರೆ ಅನುಮಾನ ಗಟ್ಟಿ.

ಅಪ್‌ಡೇಟ್ ತೆಗೆಯುವ ಮುನ್ನ ಸಿಸ್ಟಂ ಸ್ಟೇಟ್ ಬ್ಯಾಕಪ್ (ಸರ್ವರ್‌ನ ಸೆಟ್ಟಿಂಗ್, ಖಾತೆಗಳ ಪ್ರತಿ) ತೆಗೆದುಕೊಳ್ಳಿ. ಹಳೆಯ ಸ್ನ್ಯಾಪ್‌ಶಾಟ್‌ಗೆ, ಅಂದರೆ ಹಿಂದೊಮ್ಮೆ ಹಿಡಿದಿಟ್ಟ ಇಡೀ ಯಂತ್ರದ ಸ್ಥಿತಿಗೆ, ಮರಳಿಬಿಡೋಣ ಎಂಬ ಆಸೆ ಬರುತ್ತದೆ. ಡೊಮೇನ್ ಕಂಟ್ರೋಲರ್ ವಿಷಯದಲ್ಲಿ ಬೇಡ: ನಡುವೆ ಬದಲಾದ ಪಾಸ್‌ವರ್ಡ್, ಖಾತೆಗಳ ಲೆಕ್ಕ ಉಳಿದ ಕಂಟ್ರೋಲರ್‌ಗಳೊಂದಿಗೆ ತಾಳೆಯಾಗದೆ ಹೋಗಬಹುದು. ಅಪ್‌ಡೇಟನ್ನೇ ಕಿತ್ತುಹಾಕುವುದು ವಾಸಿ. ವಿಂಡೋಸ್ ಸರ್ವರ್ 2022ರಲ್ಲಿ ಆಗ ಕೀಳಬೇಕಿದ್ದ ಅಪ್‌ಡೇಟ್‌ನ ಸಂಖ್ಯೆ ಕೆಬಿ 5035857. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸ್‌ನಲ್ಲೇ ಇರುವ ಡಿಐಎಸ್‌ಎಂ ಸಲಕರಣೆಯಿಂದ ಪ್ಯಾಕೇಜ್‌ಗಳ ಪಟ್ಟಿ ತೆಗೆಸಿ, ಆ ತಿಂಗಳ ಅಪ್‌ಡೇಟ್‌ಗೆ ಅಲ್ಲಿರುವ ‘ರೋಲಪ್‌ಫಿಕ್ಸ್’ ಹೆಸರನ್ನು ಹಾಗೆಯೇ ನಕಲು ಮಾಡಿ ರಿಮೂವ್-ಪ್ಯಾಕೇಜ್ ಆದೇಶಕ್ಕೆ ಕೊಡಿ. ಹೆಸರು ಉದ್ದವಿರುತ್ತದೆ, ಕೈಯಲ್ಲಿ ಟೈಪ್ ಮಾಡುವ ಸಾಹಸ ಬೇಡ. ಒಂದು ಸಲಕ್ಕೆ ಒಂದೇ ಕಂಟ್ರೋಲರ್. ಅದು ರೀಸ್ಟಾರ್ಟ್ ಆಗಿ ಲಾಗಿನ್ ಕೊಡತೊಡಗಿದ ಮೇಲೆ ಇನ್ನೊಂದು.

ಕಚೇರಿಯ ಯಂತ್ರಗಳಿಗೆ ಅಪ್‌ಡೇಟ್ ಹಂಚುವ ಮೈಕ್ರೋಸಾಫ್ಟ್‌ನ ಡಬ್ಲ್ಯುಸಸ್ ಬಳಸುವವರು ಅಲ್ಲಿ ಕೊಟ್ಟ ಅನುಮತಿಯನ್ನೂ ಹಿಂಪಡೆಯಬೇಕು. ಇಲ್ಲದಿದ್ದರೆ ಹಗಲು ಕಿತ್ತದ್ದು ರಾತ್ರಿ ಮತ್ತೆ ಬಂದು ಕೂರುತ್ತದೆ.

ಮಾಸಿಕ ಅಪ್‌ಡೇಟ್ ಒಂದೇ ಗಂಟು. ಕೆಟ್ಟದ್ದರ ಜೊತೆಗೆ ಆ ತಿಂಗಳ ಭದ್ರತಾ ತಿದ್ದುಪಡಿಗಳೂ ಹೋಗುತ್ತವೆ. ಆದ್ದರಿಂದ ತೆಗೆದು ಮರೆತುಬಿಡುವಂತಿಲ್ಲ. ಆ ಸಲ ಸರ್ವರ್ 2022ಕ್ಕೆ ಮಾರ್ಚ್ 22ರಂದೇ ತುರ್ತು ತಿದ್ದುಪಡಿ ಬಂತು, ಆದರೆ ತಾನಾಗಿ ಇಳಿಯಲಿಲ್ಲ. ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗ್ ಜಾಲತಾಣದಿಂದ ನಾವೇ ಇಳಿಸಿಕೊಳ್ಳಬೇಕಿತ್ತು.

ಪರೀಕ್ಷಾ ಯಂತ್ರದಲ್ಲಿ ಅರ್ಧ ಗಂಟೆ ಓಡಿಸಿ ‘ಪಾಸ್’ ಎಂದು ಗೀಚುವ ಪದ್ಧತಿ ನನಗೆ ಒಗ್ಗುವುದಿಲ್ಲ. ಅಲ್ಲಿ ಲಾಗಿನ್ ಆಗುವವರು ಯಾರು? ಈ ಮೆಮೊರಿ ಸೋರಿಕೆ ಹುಟ್ಟುತ್ತಿದ್ದುದು ಕರ್ಬೆರೋಸ್ (ಲಾಗಿನ್ ಆಗುವವರ ಗುರುತು ಖಚಿತಪಡಿಸುವ ಪದ್ಧತಿ) ಕೋರಿಕೆಗಳನ್ನು ನಿಭಾಯಿಸುವಾಗ. ಎರಡು ಕಂಟ್ರೋಲರ್ ಇದ್ದರೆ ಮೊದಲು ಒಂದಕ್ಕೆ ಮಾತ್ರ ಅಪ್‌ಡೇಟ್ ಹಾಕಿ, ಇಡೀ ಕಚೇರಿ ಒಟ್ಟಿಗೆ ಪಾಸ್‌ವರ್ಡ್ ಒತ್ತುವ ಸೋಮವಾರದ ಬೆಳಗನ್ನು ಅದು ದಾಟಲಿ. ಇನ್ನೊಂದರ ಸರದಿ ಮಂಗಳವಾರ.